ಬಾಗಿಲು ತಟ್ಟಿದವರು: ಪ್ಲೇಗಿನಿಂದ ಕೋವಿಡ್‌ವರೆಗಿನ ಮುಂಬೈ

1896ರ ಅಕ್ಟೋಬರ್ 6ರಂದು ಮುಂಬೈಯ ಮುನಿಸಿಪಲ್ ಕಮಿಷನರ್ ಪಿ.ಸಿ.ಎಚ್. ಸ್ನೋ ಒಂದು ಪ್ರಕಟಣೆ ಹೊರಡಿಸಿದರು. ಪ್ಲೇಗು ತಗುಲಿದವರು ಯಾರೇ ಆಗಿರಲಿ, ಮನೆಯವರು ಒಪ್ಪಲಿ ಬಿಡಲಿ, ಅವರನ್ನು ಆಸ್ಪತ್ರೆಗೆ ಎತ್ತಿಕೊಂಡು ಹೋಗುವ ಅಧಿಕಾರ ಪಾಲಿಕೆಗೆ ಇದೆ ಎಂಬುದು ಅದರ ಸಾರ. ತಿಂಗಳು ಮುಗಿಯುವ ಹೊತ್ತಿಗೆ ಅದೇ ಸ್ನೋ ಅದೇ ಆದೇಶವನ್ನು ಸಡಿಲಿಸಿದರು. ಜನರ ಸಿಟ್ಟು ಒಂದು ಕಾರಣವಾಗಿತ್ತು. ಅದಕ್ಕಿಂತ ದೊಡ್ಡದಾಗಿ ಅವರನ್ನು ಕಾಡಿದ್ದು ಇನ್ನೊಂದು ಅಂಜಿಕೆ: ಊರು ಬಿಟ್ಟು ಓಡುತ್ತಿರುವವರ ಜೊತೆ ಪಾಲಿಕೆಯ ಹಲಾಲಖೋರರೂ ಬಿಗಾರಿಗಳೂ ಓಡಿಹೋದರೆ ಏನು ಗತಿ?

ಹಲಾಲಖೋರರೆಂದರೆ ಮನೆಮನೆಯ ಮಲವನ್ನು ಬುಟ್ಟಿಯಲ್ಲಿ ಹೊತ್ತು ಸಾಗಿಸುತ್ತಿದ್ದವರು. ಬಿಗಾರಿಗಳು ಗಟಾರ, ಕಸ, ಸುಣ್ಣದ ಕೆಲಸದವರು. ಎಂಟು ಲಕ್ಷಕ್ಕೂ ಮೀರಿದ ಜನ, ಅದರಲ್ಲಿ ಮುಕ್ಕಾಲು ಪಾಲು ಗಾಳಿ ಬೆಳಕಿಲ್ಲದ ಚಾಳುಗಳಲ್ಲಿ. ಈ ಕೆಲವು ಸಾವಿರ ಮಂದಿ ಒಂದು ವಾರ ಕೆಲಸ ನಿಲ್ಲಿಸಿದರೆ ನಗರದಲ್ಲಿ ಉಸಿರಾಡುವುದೇ ಕಷ್ಟ. ವೈದ್ಯರು ಓಡಿದರೆ ಬೇರೆಯವರನ್ನು ಕರೆಸಬಹುದಿತ್ತು, ವ್ಯಾಪಾರಿಗಳು ಓಡಿದರೆ ಮರಳಿ ಬಂದಾರು. ಇವರ ಜಾಗಕ್ಕೆ ಮಾತ್ರ ಯಾರೂ ಬರುತ್ತಿರಲಿಲ್ಲ. ಕಮಿಷನರ್ ಸಾಹೇಬರು ಇದನ್ನು ಮುಚ್ಚಿಡಲಿಲ್ಲ, ಪ್ಲೇಗಿನ ಕುರಿತ ತಮ್ಮ ವರದಿಯಲ್ಲಿ ಬರೆದೇ ಇಟ್ಟರು.

ಮುಂಬೈಯ ಆರೋಗ್ಯದ ಚರಿತ್ರೆಯನ್ನು ಸಾಮಾನ್ಯವಾಗಿ ಆಸ್ಪತ್ರೆಗಳ ಕಟ್ಟಡಗಳಿಂದ ಹೇಳುತ್ತಾರೆ: ಜೆ.ಜೆ., ಕಾಮಾ, ಕೆ.ಇ.ಎಂ., ಸಾಯನ್, ನಾಯರ್. ಸ್ನೋ ಅವರ ಆ ಅಂಜಿಕೆಯಿಂದ ಹೇಳಲು ಹೊರಟರೆ ಬೇರೆಯೇ ಚರಿತ್ರೆ ಸಿಗುತ್ತದೆ. ಯಾರು ಮನೆಯ ಬಾಗಿಲು ತಟ್ಟುತ್ತಾರೆ, ಯಾರಿಗೆ ಬಾಗಿಲು ತೆರೆಯುತ್ತದೆ, ಆ ಕೆಲಸಕ್ಕೆ ಅವರಿಗೆ ಏನು ಕೊಡುತ್ತಾರೆ ಎಂಬ ಚರಿತ್ರೆ ಅದು.

ಪ್ಲೇಗನ್ನು ಮೊದಲು ಗುರುತಿಸಿದ್ದೂ ಇಂಥ ಬಾಗಿಲುಗಳೊಳಗೆ ಹೋಗಿಬಂದ ಒಬ್ಬರೇ. ಗೋವಾ ಮೂಲದ ಡಾ. ಅಕಾಸಿಯೊ ಗೇಬ್ರಿಯಲ್ ವಿಯೆಗಸ್ ಬಂದರಿನ ಪಕ್ಕದ ಮಾಂಡ್ವಿಯಲ್ಲಿ ರೋಗಿಗಳನ್ನು ನೋಡುತ್ತಿದ್ದರು. ಧಾನ್ಯದ ಗೋದಾಮುಗಳು, ಅವುಗಳ ಮೇಲೆಯೇ ಮನೆಗಳು, ಎಲ್ಲೆಲ್ಲೂ ಇಲಿಗಳು. 1896ರ ಸೆಪ್ಟೆಂಬರ್‌ನಲ್ಲಿ ನೌರೋಜಿ ಹಿಲ್ ಸುತ್ತಮುತ್ತ ಜ್ವರ ಬಂದು ಕಂಕುಳಲ್ಲಿ, ತೊಡೆಸಂದಿಯಲ್ಲಿ ಗಡ್ಡೆ ಕಟ್ಟಿ ಸಾಯುತ್ತಿದ್ದವರನ್ನು ಕಂಡು, ಇದು ಪ್ಲೇಗು ಎಂದರು. ಮೊದಮೊದಲು ಸರ್ಕಾರಕ್ಕೆ ಆ ಹೆಸರು ಬೇಡವಾಗಿತ್ತು. ಪ್ಲೇಗು ಎಂದರೆ ಬಂದರಿನ ವ್ಯಾಪಾರ ನಿಂತಂತೆಯೇ ಲೆಕ್ಕ. ವಿಯೆಗಸ್ ಅವರ ಪ್ರತಿಮೆ ಇಂದಿಗೂ ಮೆಟ್ರೋ ಸಿನೆಮಾದ ಎದುರು ನಿಂತಿದೆ. ದಿನಾ ಅದರ ಮುಂದೆ ಬಸ್ಸು ಹಿಡಿಯುವ ಬಹಳ ಮಂದಿಗೆ ಅದು ಯಾರದೆಂದು ಗೊತ್ತಿಲ್ಲ.

ರೋಗ ಹೇಗೆ ಹರಡುತ್ತದೆ ಎಂಬುದು ಆಗ ತಿಳಿದಿರಲಿಲ್ಲ. ಇಲಿ ಮತ್ತು ಅದರ ಮೈಮೇಲಿನ ಚಿಗಟದ ಪಾತ್ರ ಖಚಿತವಾಗಲು ಇನ್ನೂ ಹತ್ತು ವರ್ಷ ಬೇಕಾಯಿತು. ಅಲ್ಲಿಯವರೆಗೆ ಪಾಲಿಕೆ ತನಗೆ ತೋಚಿದ್ದೆಲ್ಲ ಮಾಡಿತು. ಗಟಾರಗಳಿಗೆ ಸಮುದ್ರದ ನೀರು, ಕಾರ್ಬಾಲಿಕ್ ಆಮ್ಲ, ಗೋಡೆಗೆ ಸುಣ್ಣ, ಬಿಸಿಲು ಬೀಳಲೆಂದು ಮಾಡಿನ ಹಂಚು ತೆಗೆಯುವುದು. ವಾಸಕ್ಕೆ ಯೋಗ್ಯವಲ್ಲದ ಮನೆಯ ಮೇಲೆ 'ಯು.ಎಚ್.ಎಚ್.' ಎಂಬ ಮೂರು ಅಕ್ಷರ, ಸಾವು ಆದ ಮನೆಯ ಮೇಲೆ ಒಂದು ವೃತ್ತ. ಎಷ್ಟು ಸಾವೋ ಅಷ್ಟು ವೃತ್ತ. ಬಾಗಿಲ ಮೇಲೆ ಸರ್ಕಾರ ಬರೆಯುವ ಗುರುತು ಜನರ ಮನಸ್ಸಿನಲ್ಲಿ ಎಂಥ ಭಯ ಬಿತ್ತಿರಬಹುದೆಂದು ಊಹಿಸಬಹುದು.

ಅಕ್ಟೋಬರ್ 29ರಂದು ಸುಮಾರು ಸಾವಿರ ಗಿರಣಿ ಕಾರ್ಮಿಕರು ಆರ್ಥರ್ ರೋಡಿನ ಸಾಂಕ್ರಾಮಿಕ ರೋಗಗಳ ಆಸ್ಪತ್ರೆಗೆ ನುಗ್ಗಿದರು. ಇಂದಿನ ಕಸ್ತೂರಬಾ ಆಸ್ಪತ್ರೆ ಅದೇ. ಒಳಗೆ ಹೋದವರು ಹೊರಗೆ ಬರುವುದಿಲ್ಲ, ಅವರ ಮೈಯಿಂದ ಎಣ್ಣೆ ತೆಗೆಯುತ್ತಾರೆ ಎಂಬ ಗುಲ್ಲು ಊರೆಲ್ಲ ಹಬ್ಬಿತ್ತು. ಈ ಗುಲ್ಲನ್ನು ಅಜ್ಞಾನ ಎಂದು ತಳ್ಳಿಹಾಕುವುದು ಸುಲಭ. ಆದರೆ ಒಳಗೆ ಹೋದವರಲ್ಲಿ ಹೆಚ್ಚಿನವರು ನಿಜಕ್ಕೂ ಹೊರಗೆ ಬರುತ್ತಿರಲಿಲ್ಲ. ಮದ್ದಿಲ್ಲದ ರೋಗ, ಕೊನೆಯ ಗಳಿಗೆಯಲ್ಲಿ ಎಳೆದು ತಂದ ರೋಗಿ. ಜನ ಕಂಡದ್ದನ್ನೇ ತಮ್ಮ ಮಾತಿನಲ್ಲಿ ಹೇಳಿದ್ದರು.

1897ರ ಫೆಬ್ರವರಿಯಲ್ಲಿ ಸಾಂಕ್ರಾಮಿಕ ರೋಗಗಳ ಕಾಯಿದೆ ಬಂತು. 2020ರಲ್ಲಿ ರಾಜ್ಯ ಸರ್ಕಾರಗಳು ಮತ್ತೆ ಕೈಗೆತ್ತಿಕೊಂಡದ್ದೂ ಇದೇ ಕಾಯಿದೆ. ಆ ಹೊತ್ತಿಗೆ ನಗರದ ಅರ್ಧದಷ್ಟು ಜನ ಊರು ಬಿಟ್ಟಿದ್ದರು. ಮಾರ್ಚ್‌ನಲ್ಲಿ ಬ್ರಿಗೇಡಿಯರ್ ಜನರಲ್ ಗ್ಯಾಟಕರ್ ನೇತೃತ್ವದಲ್ಲಿ ಪ್ಲೇಗು ಸಮಿತಿಯೊಂದನ್ನು ಮಾಡಿ, ರೋಗವನ್ನು ಸೈನಿಕನ ಕೈಗೆ ಕೊಟ್ಟರು. ಒಂದು ಮೊಹಲ್ಲಾವನ್ನು ಸುತ್ತುವರಿದು ಮನೆ ಮನೆ ಶೋಧಿಸುವ ತಂಡಗಳು, ರೈಲು ನಿಲ್ದಾಣಗಳಲ್ಲಿ ಗಂಡಸು ಹೆಂಗಸೆನ್ನದೆ ಕಂಕುಳು, ತೊಡೆಸಂದಿ ಮುಟ್ಟಿ ನೋಡುವ ಪರೀಕ್ಷೆ. ಗ್ಯಾಟಕರ್‌ಗೆ ಒಂದು ವಿಷಯ ಮಾತ್ರ ಬೇಗ ಅರ್ಥವಾಯಿತು: ಜಾತಿ ಸಮುದಾಯಗಳು ತಮ್ಮದೇ ಆಸ್ಪತ್ರೆ ನಡೆಸಿದರೆ ಜನ ತಾವೇ ಬರುತ್ತಾರೆ. ಅದಕ್ಕೆ ಅವಕಾಶ ಕೊಟ್ಟರು. ಪುಣೆಯಲ್ಲಿ ಅದೇ ಕೆಲಸಕ್ಕಿದ್ದ ರಾಂಡ್, ಸೈನಿಕರ ಶೋಧದಿಂದ ರೊಚ್ಚಿಗೆದ್ದ ಚಾಪೇಕರ್ ಸಹೋದರರ ಗುಂಡಿಗೆ ಗುರಿಯಾದದ್ದು ಅದೇ ವರ್ಷದ ಜೂನ್‌ನಲ್ಲಿ.

ಮುಂಬೈಯಲ್ಲಿ ಕಟ್ಟೆಯೊಡೆದದ್ದು 1898ರ ಮಾರ್ಚ್ 9ರಂದು, ಮದನಪುರದಲ್ಲಿ. ಅಲ್ಲಿದ್ದವರು ಉತ್ತರದಿಂದ ಬಂದ ಜುಲಾಹಾ ನೇಕಾರರು. ಶೋಧದ ತಂಡ ಒಂದು ಮನೆಯ ಹುಡುಗಿಗೆ ಪ್ಲೇಗಿದೆ ಎಂದು ಕರೆದೊಯ್ಯಲು ಹೊರಟಿತು. ಮನೆಯವರು ಬಿಡಲಿಲ್ಲ, ಓಣಿ ಬಿಡಲಿಲ್ಲ. ಪೊಲೀಸರು ಗುಂಡು ಹಾರಿಸಿದರು, ಗಲಭೆ ಊರಿಗೆ ಹಬ್ಬಿತು, ಮರುದಿನಗಳಲ್ಲಿ ಬಂದರಿನ ಹಮಾಲರೂ ಗಾಡಿಯವರೂ ಕೆಲಸ ನಿಲ್ಲಿಸಿದರು. ಅಲ್ಲಿಂದಾಚೆಗೆ ಸರ್ಕಾರದ ದಾರಿ ಬದಲಾಯಿತು. ಬಲವಂತದ ಶೋಧ ಹಿಂದೆ ಸರಿದು, ಆಯಾ ಮೊಹಲ್ಲಾದ, ಆಯಾ ಸಮುದಾಯದ ಸ್ವಯಂಸೇವಕರು ಮುಂದೆ ಬಂದರು. ಲಸಿಕೆಯ ಕತೆಯೂ ಹೀಗೆಯೇ ಆಯಿತು. ವಾಲ್ಡೆಮಾರ್ ಹಫ್ಕಿನ್ ಗ್ರಾಂಟ್ ಮೆಡಿಕಲ್ ಕಾಲೇಜಿನ ಒಂದು ಕೋಣೆಯಲ್ಲಿ ಪ್ಲೇಗಿನ ಲಸಿಕೆ ತಯಾರಿಸಿ, 1897ರ ಜನವರಿ 10ರಂದು ಮೊದಲು ತಮಗೇ ಚುಚ್ಚಿಕೊಂಡರು. ಖೋಜಾ ಸಮುದಾಯದ ಗುರು, ಆಗಿನ್ನೂ ಇಪ್ಪತ್ತು ತುಂಬದ ಮೂರನೆಯ ಆಗಾ ಖಾನ್, ಎಲ್ಲರೆದುರು ತೋಳು ಒಡ್ಡಿ ಚುಚ್ಚಿಸಿಕೊಂಡರು. ಸಾವಿರಾರು ಖೋಜಾಗಳು ಹಿಂಬಾಲಿಸಿದರು. ಕಾಯಿದೆಗೆ ತೆರೆಯದ ಬಾಗಿಲು ಪರಿಚಯದವರಿಗೆ ತೆರೆಯಿತು.

ಕನ್ನಡ ನಾಡಿಗೆ ಈ ರೋಗ ಬಂದದ್ದು ಇಲ್ಲಿಂದಲೇ, ರೈಲು ಹತ್ತಿ. ರೈಲ್ವೆ ವರ್ಕ್‌ಶಾಪಿನ ಹುಬ್ಬಳ್ಳಿಯಲ್ಲಿ 1898ರಲ್ಲಿ ಹತ್ತಾರು ಸಾವಿರ ಜನರಿಗೆ ಹಫ್ಕಿನ್ ಲಸಿಕೆ ಹಾಕಿದರು. ಅದೇ ವರ್ಷದ ಆಗಸ್ಟ್‌ನಲ್ಲಿ ಬೆಂಗಳೂರಿಗೆ ಪ್ಲೇಗು ಕಾಲಿಟ್ಟಿತು; ಬಸವನಗುಡಿ, ಮಲ್ಲೇಶ್ವರದ ಅಗಲ ರಸ್ತೆಗಳ ಹಿಂದೆ ಆ ಭಯವಿದೆ, ಅಲ್ಲಲ್ಲಿ ಇರುವ ಪ್ಲೇಗಮ್ಮನ ಗುಡಿಗಳ ಹಿಂದೆಯೂ ಅದೇ ಭಯವಿದೆ. ನಮ್ಮ ಹಳ್ಳಿಗಳು ತಮ್ಮದೇ ಉಪಾಯ ಕಂಡುಕೊಂಡಿದ್ದವು. ಇಲಿ ಬಿದ್ದರೆ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕುವುದು. ಚಿಗಟದ ವಿಜ್ಞಾನ ಗೊತ್ತಾದ ಮೇಲೆ ನೋಡಿದರೆ, ಅದಕ್ಕಿಂತ ಒಳ್ಳೆಯ ಉಪಾಯ ಆಗ ಇರಲಿಲ್ಲ.

*

ಪ್ಲೇಗು ಇಳಿದ ಮೇಲೆ ಮುಂಬೈ ಕಂಡದ್ದು ಅದಕ್ಕಿಂತ ನಿಧಾನವಾದ, ಸದ್ದಿಲ್ಲದ ಸಾವು. 1921ರಲ್ಲಿ ನಗರದಲ್ಲಿ ದಾಖಲಾದ ಶಿಶುಮರಣ ಸಾವಿರ ಜನನಗಳಿಗೆ 660ಕ್ಕೂ ಹೆಚ್ಚು. ಒಂದೇ ಖೋಲಿಯ ಮನೆಗಳಲ್ಲಿ ಅದು 828. ಈ ಅಂಕಿಯಲ್ಲಿ ಒಂದು ತೊಡಕಿದೆ. ಬಹಳಷ್ಟು ಹೆಂಗಸರು ಹೆರಿಗೆಗೆ ತವರಿಗೆ, ಕೊಂಕಣಕ್ಕೋ ಘಟ್ಟಕ್ಕೋ ಹೋಗುತ್ತಿದ್ದರು. ಜನನ ಅಲ್ಲಿ ದಾಖಲಾಗುತ್ತಿತ್ತು, ಕೂಸು ಚಾಳಿಗೆ ಬಂದು ಸತ್ತರೆ ಸಾವು ಇಲ್ಲಿ. ಅದನ್ನೆಲ್ಲ ಕಳೆದರೂ ಉಳಿಯುವ ಲೆಕ್ಕ ಮೈ ನಡುಗಿಸುವಂಥದ್ದೇ. ಆರೋಗ್ಯಾಧಿಕಾರಿ ಡಾ. ಜೆ.ಎ. ಟರ್ನರ್ ಅವರ ಕಾಲದಿಂದಲೇ ಪಾಲಿಕೆಯ ನರ್ಸುಗಳು ಚಾಳುಗಳಿಗೆ ಹೋಗಿ ಹೆರಿಗೆ ನೋಡಿಕೊಳ್ಳುವ, ಬಾಣಂತಿಯನ್ನು ಮಾತಾಡಿಸುವ ಪದ್ಧತಿ ಶುರುವಾಗಿತ್ತು. 1926ರಲ್ಲಿ ಪರೇಲಿನಲ್ಲಿ ವಾಡಿಯಾ ಹೆರಿಗೆ ಆಸ್ಪತ್ರೆಯೂ ಕೆ.ಇ.ಎಂ. ಆಸ್ಪತ್ರೆಯೂ ತೆರೆದವು. ಹಣ, ಹೆಸರು, ದಾನಿಗಳ ಕಲ್ಲು ಎಲ್ಲವೂ ಕಟ್ಟಡಗಳ ಕಡೆಗೆ ಹರಿದವು. ಮೆಟ್ಟಿಲು ಹತ್ತಿ ಇಳಿದ ನರ್ಸುಗಳ ಹೆಸರು ಯಾವ ಕಲ್ಲಿನ ಮೇಲೂ ಕಾಣುವುದಿಲ್ಲ.

ಅದೇ ಪರೇಲಿನಲ್ಲಿ, ಹಳೆಯ ಗವರ್ನರ್ ಬಂಗಲೆಯಲ್ಲಿ, ಹಫ್ಕಿನ್ ಅವರ ಪ್ರಯೋಗಾಲಯ ಹಫ್ಕಿನ್ ಇನ್‌ಸ್ಟಿಟ್ಯೂಟ್ ಆಗಿ ಬೆಳೆಯಿತು. 1930ರ ದಶಕದಲ್ಲಿ ಅದರ ನಿರ್ದೇಶಕರಾಗಿದ್ದವರು ಸಾಹಿಬ್ ಸಿಂಗ್ ಸೋಖಿ, ಸೈನ್ಯದ ವೈದ್ಯಕೀಯ ಸೇವೆಯಿಂದ ಬಂದವರು. ಕಾಂಗ್ರೆಸ್ಸು 1938ರಲ್ಲಿ ನೆಹರೂ ಅಧ್ಯಕ್ಷತೆಯಲ್ಲಿ ರಾಷ್ಟ್ರೀಯ ಯೋಜನಾ ಸಮಿತಿ ಮಾಡಿದಾಗ ಆರೋಗ್ಯದ ಉಪಸಮಿತಿಯನ್ನು ಸೋಖಿ ಅವರಿಗೆ ವಹಿಸಿತು. ಆ ಉಪಸಮಿತಿ ಹೇಳಿದ ಒಂದು ಮಾತು ಇಂದು ಓದಿದರೂ ಹೊಸದೆನಿಸುತ್ತದೆ: ಸಾವಿರ ಜನರಿಗೆ ಒಬ್ಬರಂತೆ ಆರೋಗ್ಯ ಕಾರ್ಯಕರ್ತರನ್ನು ತರಬೇತು ಮಾಡಿ, ಆ ಜನರ ನಡುವಿನಿಂದಲೇ ಆರಿಸಿ. ಲಸಿಕೆ ಸೀರಂ ತಯಾರಿಸುವ ಸಂಸ್ಥೆಯ ನಿರ್ದೇಶಕರೊಬ್ಬರು ಸೀಸೆಗಿಂತ ಅದನ್ನು ಒಯ್ಯುವ ಮನುಷ್ಯರ ಲೆಕ್ಕ ಹಾಕಿದ್ದು ಆಕಸ್ಮಿಕ ಇರಲಾರದು. ಲಸಿಕೆ ಮಾಡುವುದು ಅರ್ಧ ಕೆಲಸ, ಅದನ್ನು ತೋಳಿಗೆ ಮುಟ್ಟಿಸುವುದು ಉಳಿದರ್ಧ ಎಂದು ಆ ಸಂಸ್ಥೆಗೆ ಹುಟ್ಟಿನಿಂದಲೇ ಗೊತ್ತಿತ್ತು.

ಸ್ವಾತಂತ್ರ್ಯದ ಹೊತ್ತಿಗೆ ಗೆದ್ದದ್ದು ಭೋರ್ ಸಮಿತಿಯ ದಾರಿ. ಅದರಲ್ಲಿ ವೈದ್ಯರು ಕೇಂದ್ರ. ಸೋಖಿ ಅವರ ಸಾವಿರಕ್ಕೊಬ್ಬರು ಮತ್ತೆ ಕಾಣಿಸಿಕೊಂಡದ್ದು 1977ರ ಅಕ್ಟೋಬರ್ 2ರಂದು, ಜನತಾ ಸರ್ಕಾರದ ಆರೋಗ್ಯ ಮಂತ್ರಿ ರಾಜ್ ನಾರಾಯಣ್ ಸಮುದಾಯ ಆರೋಗ್ಯ ಕಾರ್ಯಕರ್ತರ ಯೋಜನೆಯನ್ನು ಆರಂಭಿಸಿದಾಗ. ಮೂರು ತಿಂಗಳ ತರಬೇತಿ, ಆಮೇಲೆ ತಿಂಗಳಿಗೆ 50 ರೂಪಾಯಿ. (ಕರ್ನಾಟಕ ಈ ಯೋಜನೆಗೆ ಸೇರಲಿಲ್ಲ, ಕೇರಳ, ತಮಿಳುನಾಡೂ ಸೇರಲಿಲ್ಲ.) ಮರುವರ್ಷ ಆಲ್ಮಾ ಆಟಾದಲ್ಲಿ ಜಗತ್ತಿನ ಬಹಳಷ್ಟು ದೇಶಗಳು ಪ್ರಾಥಮಿಕ ಆರೋಗ್ಯದ ಘೋಷಣೆಯನ್ನು ಒಪ್ಪಿಕೊಂಡವು. ಮಹಾರಾಷ್ಟ್ರದಲ್ಲೇ ಜಾಮಖೇಡದ ಆರೋಳೆ ದಂಪತಿ 1970ರಿಂದ ಓದುಬರಹ ಬಾರದ ಹಳ್ಳಿಯ ಹೆಂಗಸರಿಗೆ ಈ ಕೆಲಸ ಕಲಿಸಿ ತೋರಿಸಿದ್ದರು.

ಇಲ್ಲಿ ಒಂದು ಸಣ್ಣ ಸಂಗತಿ, ನನ್ನ ಮಟ್ಟಿಗೆ ಈ ಇಡೀ ಚರಿತ್ರೆಯ ತಿರುವು. 1977ರ ಯೋಜನೆಯಲ್ಲಿ ಅವರ ಹೆಸರು 'ಕಾರ್ಯಕರ್ತ'. ಮೂರು ವರ್ಷ ಕಳೆಯುವುದರೊಳಗೆ ಅದು 'ಸ್ವಯಂಸೇವಕ' ಎಂದಾಯಿತು. ಇನ್ನೊಂದು ವರ್ಷಕ್ಕೆ 'ಆರೋಗ್ಯ ಮಾರ್ಗದರ್ಶಿ'. ಕೆಲಸ ಬದಲಾಗಲಿಲ್ಲ, ದುಡ್ಡು ಬದಲಾಗಲಿಲ್ಲ, ಪದ ಬದಲಾಯಿತು. ಕಾರ್ಯಕರ್ತ ಎಂದರೆ ನಾಳೆ ಕಾಯಂ ಮಾಡಿ ಎಂದು ಕೇಳಬಹುದು. ಸ್ವಯಂಸೇವಕರು ಹಾಗೆ ಕೇಳುವಂತಿಲ್ಲವಲ್ಲ. ಹುಬ್ಬಳ್ಳಿ-ಧಾರವಾಡದ ಕನ್ನಡದಲ್ಲೂ ಮುಂಬೈಯ ಮರಾಠಿಯಲ್ಲೂ ದುಡಿಮೆಗೆ ಸಿಗುವುದು 'ಪಗಾರ'. ಈ ಕೆಲಸಕ್ಕೆ ಸಿಗುವುದಕ್ಕೆ ಮರಾಠಿಯಲ್ಲಿ 'ಮಾನಧನ', ನಮ್ಮಲ್ಲಿ 'ಗೌರವಧನ'. ಗೌರವ ಎಂಬ ಪದ ಸೇರಿದ ಕೂಡಲೇ ಧನ ಕಡಿಮೆಯಾಗುವುದು ಎರಡೂ ಭಾಷೆಗಳ ಸರ್ಕಾರಿ ವ್ಯಾಕರಣ.

*

ಮುಂಬೈಯ ಝೋಪಡಪಟ್ಟಿಗಳಿಗೆ ಈ ವ್ಯವಸ್ಥೆ ಬಂದದ್ದು 1980ರ ದಶಕದಲ್ಲಿ. 1982ರ ಕೃಷ್ಣನ್ ಸಮಿತಿ ನಗರದ ಬಡವರಿಗಾಗಿ ಝೋಪಡಪಟ್ಟಿಗಳ ಒಳಗೇ ಹೆಲ್ತ್ ಪೋಸ್ಟ್‌ಗಳು ಬೇಕೆಂದಿತು. 1988ರಲ್ಲಿ ವಿಶ್ವಬ್ಯಾಂಕಿನ ಸಾಲದಿಂದ ಮುಂಬೈ ಮತ್ತು ಮದ್ರಾಸುಗಳಿಗೆ ಐದನೆಯ ಭಾರತ ಜನಸಂಖ್ಯಾ ಯೋಜನೆ ಬಂತು. ಹೆಸರೇ ಹೇಳುವಂತೆ ಅದರ ಕಣ್ಣು ಕುಟುಂಬ ಯೋಜನೆಯ ಮೇಲೆ. ಆದರೆ ಅದು ಬಿಟ್ಟುಹೋದದ್ದು ಬೇರೆ: ನಗರ ಮತ್ತು ಉಪನಗರಗಳಲ್ಲಿ ನೂರೈವತ್ತಕ್ಕೂ ಹೆಚ್ಚು ಹೆಲ್ತ್ ಪೋಸ್ಟ್‌ಗಳು, ಅವುಗಳ ಕೈಕಾಲಾಗಿ ಅದೇ ಬಸ್ತಿಗಳ ಹೆಂಗಸರು. ಪಾಲಿಕೆಯ ದಾಖಲೆಯಲ್ಲಿ ಅವರು ಸಮುದಾಯ ಆರೋಗ್ಯ ಸ್ವಯಂಸೇವಕಿಯರು, ಓಣಿಯ ಬಾಯಲ್ಲಿ ಆರೋಗ್ಯ ಸೇವಿಕಾ, ಇಲ್ಲವೇ ಬರೀ ದವಾಖಾನೆಯ ತಾಯಿ. ಗಿರಣಿ ಮುಷ್ಕರ ಸೋತು ಎರಡೂವರೆ ಲಕ್ಷ ಕಾರ್ಮಿಕರ ಮನೆಗಳು ನಲುಗಿದ್ದ ದಶಕ ಅದು. ಮನೆಯ ಹತ್ತಿರ, ಅರ್ಧ ದಿನ ಎಂದು ಹೇಳಿಕೊಳ್ಳುವ, ಗೌರವವಿರುವ ಕೆಲಸಕ್ಕೆ ಬರುವ ಹೆಂಗಸರ ಕೊರತೆ ಇರಲಿಲ್ಲ.

ಅರ್ಧ ದಿನದ ಕೆಲಸದಲ್ಲಿ ಏನೇನಿದೆ ನೋಡೋಣ. ತನ್ನ ಪಾಲಿನ ಮನೆಗಳ ಸಮೀಕ್ಷೆ: ಯಾರು ಬಸುರಿ, ಯಾವ ಕೂಸಿಗೆ ಯಾವ ಲಸಿಕೆ ಬಾಕಿ, ಯಾರಿಗೆ ಹದಿನೈದು ದಿನದಿಂದ ಕೆಮ್ಮು. ಕ್ಷಯದ ಮಾತ್ರೆ ನಡುವೆ ಬಿಟ್ಟವರನ್ನು ಹುಡುಕಿ ಮತ್ತೆ ಶುರು ಮಾಡಿಸುವುದು. ಮಲೇರಿಯಾ ಕಾಲದಲ್ಲಿ ಜ್ವರದವರ ಪಟ್ಟಿ. ಪೋಲಿಯೋ ಭಾನುವಾರದ ಮರುದಿನದಿಂದ ಬಾಗಿಲು ಬಾಗಿಲಿಗೆ ಹೋಗಿ ಹನಿ ಹಾಕಿ ಸೀಮೆಸುಣ್ಣದಲ್ಲಿ ಗುರುತು ಬರೆಯುವುದು. ಪ್ಲೇಗಿನ ಕಾಲದ ವೃತ್ತಕ್ಕೂ ಈ ಸೀಮೆಸುಣ್ಣದ ಗುರುತಿಗೂ ನೂರು ವರ್ಷದ ಅಂತರ. ಇದನ್ನು ಬರೆಯುವವಳ ಮನೆ ನಾಲ್ಕು ಗಲ್ಲಿಯಾಚೆ ಇರುತ್ತದೆ, ಅವಳ ಮಗ ಇವರ ಮಗನ ಶಾಲೆಯಲ್ಲೇ ಓದುತ್ತಾನೆ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದು ನಗರ ಮುಳುಗಿದ ಮೇಲೆ ಇಲಿಜ್ವರ ಎದ್ದಿತು. ಅಂದಿನಿಂದ ಮಳೆಗಾಲದಲ್ಲಿ, ನೆರೆ ನೀರಿನಲ್ಲಿ ನಡೆದು ಬಂದವರಿಗೆ ಮುನ್ನೆಚ್ಚರಿಕೆಯ ಮಾತ್ರೆ ಕೊಡುವುದೂ ಈ ಪಟ್ಟಿಗೆ ಸೇರಿತು.

ಮುಂಬೈಯಲ್ಲಿ ಬಾಗಿಲು ತಟ್ಟುವುದೆಂದರೆ ಭಾಷೆಯ ಪ್ರಶ್ನೆಯೂ ಹೌದು. ಪಾಲಿಕೆ ಎಂಟು ಭಾಷೆಗಳಲ್ಲಿ ಶಾಲೆ ನಡೆಸುವ ಊರು ಇದು. ಕನ್ನಡ ಅವುಗಳಲ್ಲಿ ಒಂದು. ವಿಜಯಪುರ, ಕಲಬುರಗಿ, ಯಾದಗಿರಿ ಕಡೆಯಿಂದ ಗಾರೆ ಕೆಲಸಕ್ಕೆ ಬಂದ ಮನೆಯಲ್ಲಿ ಹಗಲು ಬಾಗಿಲು ತೆರೆಯುವುದು ಮರಾಠಿ ಹಿಂದಿ ಎರಡೂ ನೆಟ್ಟಗೆ ಬಾರದ ಸೊಸೆ. ಮಗುವಿಗೆ ಮುಂದಿನ ಚುಚ್ಚುಮದ್ದು ಯಾವಾಗ ಎಂಬುದನ್ನು ಅವಳಿಗೆ ತಿಳಿಯುವಂತೆ ಹೇಳಬಲ್ಲವರು ಇರುವುದು ಪಕ್ಕದ ಗಲ್ಲಿಯಲ್ಲೇ ಹೊರತು ಪರೇಲಿನ ಆಸ್ಪತ್ರೆಯಲ್ಲಲ್ಲ.

ಇಷ್ಟು ಹೇಳಿದ ಮೇಲೆ ಇದರ ವಿರುದ್ಧದ ಸಾಕ್ಷ್ಯವನ್ನೂ ಹೇಳಬೇಕು. ಸಾಯನ್ ಆಸ್ಪತ್ರೆಯ ನವಜಾತ ಶಿಶು ತಜ್ಞೆ ಡಾ. ಅರ್ಮಿಡಾ ಫರ್ನಾಂಡಿಸ್, ಅಲ್ಲಿ 1989ರಲ್ಲಿ ತಾಯಿಹಾಲಿನ ಬ್ಯಾಂಕ್ ಸ್ಥಾಪಿಸಿದವರು, ಮುಂದೆ 1999ರಲ್ಲಿ 'ಸ್ನೇಹಾ' ಎಂಬ ಸಂಸ್ಥೆ ಕಟ್ಟಿದರು. ಆಸ್ಪತ್ರೆಗೆ ಬರುವ ಹೊತ್ತಿಗೆ ಕೈಮೀರಿರುತ್ತಿದ್ದ ಕೂಸುಗಳನ್ನು ಕಂಡು ಬಸ್ತಿಗೇ ಹೋದ ಸಂಸ್ಥೆ ಅದು. 48 ಝೋಪಡಪಟ್ಟಿಗಳನ್ನು ಆರಿಸಿ, ಅರ್ಧದಲ್ಲಿ ಸ್ಥಳೀಯ ಹೆಂಗಸರ ಗುಂಪುಗಳನ್ನು ಕಟ್ಟಿ, ಉಳಿದರ್ಧವನ್ನು ಹೋಲಿಕೆಗೆ ಬಿಟ್ಟು ಮೂರು ವರ್ಷ ಪರೀಕ್ಷೆ ನಡೆಸಿತು. 2012ರಲ್ಲಿ ಫಲಿತಾಂಶ ಪ್ರಕಟವಾಯಿತು: ಗುಂಪುಗಳಿದ್ದಲ್ಲಿ ನವಜಾತ ಶಿಶುಗಳ ಸಾವು ಕಡಿಮೆಯಾಗಲಿಲ್ಲ. ನೇಪಾಳದ ಹಳ್ಳಿಗಳಲ್ಲಿ ಫಲ ಕೊಟ್ಟ ದಾರಿ ಇಲ್ಲಿ ಕೊಡಲಿಲ್ಲ. ಅದನ್ನು ಮುಚ್ಚಿಡದೆ ಪ್ರಕಟಿಸಿದ್ದು ದೊಡ್ಡ ಮಾತು. ನನಗನ್ನಿಸುವುದು ಇಷ್ಟು: ಮುಂಬೈಯ ಬಸುರಿ ಆಗಲೇ ಆಸ್ಪತ್ರೆಗೆ ಹೋಗುತ್ತಿದ್ದಳು. ಅವಳಿಗೆ ಬೇಕಾದದ್ದು ಹೋಗಬೇಕೆಂಬ ತಿಳಿವಳಿಕೆಗಿಂತ ಹೆಚ್ಚಾಗಿ, ಹೋದಾಗ ಒಳಗೆ ಸೇರಿಸಿಕೊಳ್ಳುವ ವಾರ್ಡು. ಬಾಗಿಲು ತಟ್ಟುವವರು ಆಸ್ಪತ್ರೆಯ ಬದಲಿಗೆ ಅಲ್ಲ, ಆಸ್ಪತ್ರೆಯ ಜೊತೆಗೆ. ಸರ್ಕಾರಗಳು ಇದನ್ನು ಬೇಕೆಂದಾಗ ಮರೆಯುತ್ತವೆ.

*

2020ರ ಏಪ್ರಿಲ್ 1ರಂದು ಧಾರಾವಿಯ ಮೊದಲ ಕೋವಿಡ್ ರೋಗಿ ಪತ್ತೆಯಾದರು, ಅದೇ ದಿನ ತೀರಿಕೊಂಡರು. 56 ವರ್ಷದವರು, ವಾಸ ಡಾ. ಬಾಳಿಗಾ ನಗರ. ಕನ್ನಡಿಗರ ಕಿವಿಗೆ ಪರಿಚಿತವಾದ ಆ ಹೆಸರು ಅಂದು ರಾತ್ರಿ ದೇಶದ ಎಲ್ಲ ಟಿ.ವಿ.ಗಳಲ್ಲಿತ್ತು. ಎರಡೂವರೆ ಚದರ ಕಿಲೋಮೀಟರಿಗಿಂತ ಕಡಿಮೆ ಜಾಗ, ಏಳೆಂಟು ಲಕ್ಷ ಜನ ಎಂಬ ಅಂದಾಜು, ಹತ್ತಕ್ಕೆ ಎಂಟು ಮಂದಿಗೆ ಸಾರ್ವಜನಿಕ ಶೌಚಾಲಯವೇ ಗತಿ. ಆರಡಿ ಅಂತರ ಎಂಬ ಮಾತೇ ಅಲ್ಲಿ ಹಾಸ್ಯ.

ಮುಂದಿನ ಕೆಲವು ವಾರಗಳಲ್ಲಿ ನಡೆದದ್ದು ಈಗ ಎಲ್ಲರೂ ಹೇಳುವ ಕತೆ. ಜಿ-ಉತ್ತರ ವಾರ್ಡಿನ ಸಹಾಯಕ ಆಯುಕ್ತ ಕಿರಣ್ ದಿಘಾವ್ಕರ್ ರೋಗ ಬರಲಿ ಎಂದು ಕಾಯದೆ ಅದನ್ನು ಬೆನ್ನಟ್ಟುವ ಮಾತಾಡಿದರು. ಧಾರಾವಿಯಲ್ಲೇ ದವಾಖಾನೆ ಇಟ್ಟುಕೊಂಡಿದ್ದ ಖಾಸಗಿ ವೈದ್ಯರು, ಏಪ್ರಿಲ್ ಬಿಸಿಲಲ್ಲಿ ಪ್ಲಾಸ್ಟಿಕ್ ಅಂಗಿ ತೊಟ್ಟು, ಪಾಲಿಕೆಯ ಸಿಬ್ಬಂದಿ ಮತ್ತು ಆರೋಗ್ಯ ಸೇವಿಕೆಯರ ಜೊತೆ ಗಲ್ಲಿ ಗಲ್ಲಿ ತಿರುಗಿ ಸುಮಾರು 47,500 ಜನರನ್ನು ತಪಾಸಣೆ ಮಾಡಿದರು. ಶಾಲೆಗಳು, ಕ್ರೀಡಾ ಸಂಕೀರ್ಣ ಕ್ವಾರಂಟೈನ್ ಕೇಂದ್ರಗಳಾದವು. ಡಿಸೆಂಬರ್ 25ರಂದು ಧಾರಾವಿಯಲ್ಲಿ ಒಂದೂ ಹೊಸ ಪ್ರಕರಣ ಇರಲಿಲ್ಲ.

ಈ ಗೆಲುವಿಗೆ ಬೇರೆ ಕಾರಣಗಳೂ ಇದ್ದವು ಎಂಬುದನ್ನು ಮರೆಯಬಾರದು. 1897ರಂತೆಯೇ ಈಗಲೂ ಜನ ಊರು ಬಿಟ್ಟಿದ್ದರು, ಗಲ್ಲಿಗಳು ತೆಳುವಾಗಿದ್ದವು. ಜುಲೈನಲ್ಲಿ ನಗರದ ಬೇರೆ ಮೂರು ವಾರ್ಡುಗಳಲ್ಲಿ ನಡೆದ ರಕ್ತ ಸಮೀಕ್ಷೆಯಲ್ಲಿ ಝೋಪಡಪಟ್ಟಿಯ ನೂರಕ್ಕೆ 57 ಮಂದಿಗೆ ಆಗಲೇ ಸೋಂಕು ಬಂದುಹೋಗಿರುವುದು ಕಂಡಿತು. ಕಟ್ಟಡಗಳಲ್ಲಿ ವಾಸಿಸುವವರಲ್ಲಿ ಅದು 16. ಅಂದರೆ ವೈರಸ್ಸು ಬಹಳ ಮನೆಗಳನ್ನು ಸೇವಿಕೆಯರಿಗಿಂತ ಮೊದಲೇ ಹೊಕ್ಕಿತ್ತು. ಆದರೆ 1896ಕ್ಕೂ 2020ಕ್ಕೂ ಒಂದು ವ್ಯತ್ಯಾಸ ಕಣ್ಣಿಗೆ ಬೀಳುತ್ತದೆ. ಈ ಸಲ ಯಾರೂ ಆಸ್ಪತ್ರೆಗೆ ನುಗ್ಗಲಿಲ್ಲ. ಹತ್ತು ಅಡಿಯ ಖೋಲಿಯಿಂದ ಗಂಡನನ್ನೋ ಅತ್ತೆಯನ್ನೋ ಕರೆದೊಯ್ಯಲು ಬಂದಾಗ ಬಾಗಿಲಲ್ಲಿ ನಿಂತು ಮಾತಾಡಿದವಳು ಮೂರು ತಿಂಗಳ ಹಿಂದೆ ಅದೇ ಬಾಗಿಲಲ್ಲಿ ಮಗುವಿಗೆ ಪೋಲಿಯೋ ಹನಿ ಹಾಕಿದವಳೇ ಆಗಿದ್ದಳು. ಮದನಪುರದಲ್ಲಿ ಇರದಿದ್ದದ್ದು ಅವಳೇ.

ಆ ವರ್ಷದ ಒಂದು ದಿನಾಂಕ ನನ್ನನ್ನು ಬಿಟ್ಟಿಲ್ಲ. ಜುಲೈ 10. ಅಂದು ಜಿನೀವಾದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮುಖ್ಯಸ್ಥ ಟೆಡ್ರೋಸ್, ಕೈಮೀರಿದ ಸೋಂಕನ್ನೂ ಹಿಡಿತಕ್ಕೆ ತರಬಹುದು ಎಂಬುದಕ್ಕೆ ಇಟಲಿ, ಸ್ಪೇನ್, ದಕ್ಷಿಣ ಕೊರಿಯಾಗಳ ಜೊತೆಗೆ ಧಾರಾವಿಯ ಹೆಸರನ್ನೂ ಹೇಳಿದರು. ಅದೇ ದಿನ ಕರ್ನಾಟಕದಲ್ಲಿ ಸುಮಾರು 42,000 ಆಶಾ ಕಾರ್ಯಕರ್ತೆಯರು ತಿಂಗಳಿಗೆ 12,000 ರೂಪಾಯಿ ಖಾತರಿ ಗೌರವಧನ ಮತ್ತು ಸುರಕ್ಷತೆಯ ಸಲಕರಣೆ ಕೇಳಿ ಮುಷ್ಕರಕ್ಕೆ ಇಳಿದರು. ಎರಡಕ್ಕೂ ನಂಟಿದೆ. ಮೇ ತಿಂಗಳಿಂದ ನಮ್ಮ ಆರೋಗ್ಯ ಇಲಾಖೆಯ ದಿನದ ಪಟ್ಟಿಯಲ್ಲಿ 'ಮಹಾರಾಷ್ಟ್ರದಿಂದ ಬಂದವರು' ಎಂಬ ಸಾಲು ಖಾಯಂ ಆಗಿತ್ತು. ಮಂಡ್ಯದ ಕೆ.ಆರ್. ಪೇಟೆ, ಯಾದಗಿರಿ, ಕಲಬುರಗಿ, ಉಡುಪಿ. ಮುಂಬೈ ಬಿಟ್ಟು ಬಂದ ಆ ಮನೆಗಳ ಬಾಗಿಲಲ್ಲಿ ಬಟ್ಟೆಯ ಮಾಸ್ಕು ಕಟ್ಟಿಕೊಂಡು ನಿಂತು, ಕ್ವಾರಂಟೈನ್ ಮುಗಿಯುವವರೆಗೆ ಹೊರಗೆ ಬರಬೇಡಿ ಎಂದು ಹೇಳಿ ಬೈಸಿಕೊಂಡವರು ಇವರೇ. 1898ರಲ್ಲಿ ಮುಂಬೈಯಿಂದ ಹುಬ್ಬಳ್ಳಿಗೆ ರೋಗ ಬಂದ ರೈಲುದಾರಿಯ ಈ ತುದಿಯಲ್ಲಿ ಈ ಸಲ ಕಾಯುತ್ತಿದ್ದ ವ್ಯವಸ್ಥೆ ಎಂದರೆ ಅವರು.

ಮುಂಬೈಯ ಸೇವಿಕೆಯರ ಗೌರವಧನ ಆಗ ಕರ್ನಾಟಕದ ಆಶಾಗಳು ಕೇಳಿದ ಮೊತ್ತಕ್ಕಿಂತಲೂ ಕೆಳಗಿತ್ತು. ಪಿ.ಎಫ್., ಕನಿಷ್ಠ ವೇತನ, ಹೆರಿಗೆ ರಜೆ ಇವುಗಳಿಗಾಗಿ ಅವರು ವರ್ಷಗಟ್ಟಲೆ ಆಜಾದ್ ಮೈದಾನದಲ್ಲಿ ಕೂತಿದ್ದಾರೆ, ಕೋರ್ಟಿನ ಮೆಟ್ಟಿಲು ಹತ್ತಿದ್ದಾರೆ. ಇತರರಿಗೆ ಹೆರಿಗೆಯ ಲೆಕ್ಕ ಬರೆಯುವವಳಿಗೆ ತನ್ನ ಹೆರಿಗೆಗೆ ರಜೆ ಕೇಳಬೇಕಾಗಿ ಬಂದದ್ದಕ್ಕೆ ಹೆಚ್ಚಿನ ವ್ಯಾಖ್ಯಾನ ಬೇಕಿಲ್ಲ. ವಾದ ಪ್ರತಿವಾದದ ತಿರುಳು ಮಾತ್ರ 1980ರದ್ದೇ: ಇವರು ಕಾರ್ಮಿಕರೋ ಸ್ವಯಂಸೇವಕರೋ?

ಇದು ಬರೀ ನ್ಯಾಯದ ಪ್ರಶ್ನೆ ಎಂದುಕೊಳ್ಳುವವರು 2022ರ ಗೋವಂಡಿಯನ್ನು ನೋಡಬೇಕು. ಆ ವರ್ಷದ ಅಕ್ಟೋಬರ್ ನವೆಂಬರ್‌ನಲ್ಲಿ ಎಂ-ಪೂರ್ವ ವಾರ್ಡಿನ ಬಸ್ತಿಗಳಲ್ಲಿ ದಡಾರ ಎದ್ದು ಮಕ್ಕಳು ಸತ್ತವು. ದಡಾರದ ಲಸಿಕೆ ಹಳೆಯದು, ಪುಕ್ಕಟೆ, ಹೆಲ್ತ್ ಪೋಸ್ಟಿನಲ್ಲೇ ಸಿಗುತ್ತದೆ. ಕೋವಿಡ್ಡಿನ ಎರಡು ವರ್ಷ ಲಸಿಕೆಯ ಪಟ್ಟಿ ಹಿಡಿದು ಓಡಾಡಬೇಕಿದ್ದ ಕೈಗಳು ಸೋಂಕಿತರ ಪಟ್ಟಿ ಹಿಡಿದು ಓಡಾಡಿದ್ದವು. ಊರಿಗೆ ಹೋಗಿ ಮರಳಿದ ಮನೆಗಳ ಮಕ್ಕಳು ಎರಡೂ ಕಡೆಯ ಲೆಕ್ಕದಿಂದ ಜಾರಿದ್ದರು. ಕೆಲವು ಮನೆಗಳು ಬಾಗಿಲು ತೆರೆಯಲೂ ಹಿಂಜರಿದವು. ಆಗ ಪಾಲಿಕೆ ಮಾಡಿದ್ದೇನು? ಮತ್ತೆ ಮನೆ ಮನೆ ಸಮೀಕ್ಷೆ, ಮಸೀದಿಗಳ ಮೌಲಾನಾಗಳ ಮೂಲಕ ಮನವಿ, ಒಂಬತ್ತು ತಿಂಗಳಿಂದ ಐದು ವರ್ಷದ ಮಕ್ಕಳಿಗೆ ಹೆಚ್ಚುವರಿ ಡೋಸು. ಒಂದು ಸಂಕಟವನ್ನು ತಡೆದ ವ್ಯವಸ್ಥೆಯಲ್ಲಿ ಇನ್ನೊಂದಕ್ಕೆ ಕೈ ಉಳಿದಿರಲಿಲ್ಲ. ಅಷ್ಟೇ ಜನ, ಅಷ್ಟೇ ದುಡ್ಡು, ಕೆಲಸ ಮಾತ್ರ ಎರಡು ಪಟ್ಟು.

ಸೋಖಿ ಅವರ ಲೆಕ್ಕವನ್ನು ಇಂದಿನ ಮುಂಬೈಗೆ ಹಚ್ಚಿ ನೋಡಬಹುದು. 2011ರ ಜನಗಣತಿಯಂತೆ ನಗರ ಮತ್ತು ಉಪನಗರಗಳ ಜನಸಂಖ್ಯೆ 1 ಕೋಟಿ 24 ಲಕ್ಷ. ಅದರಲ್ಲಿ ಝೋಪಡಪಟ್ಟಿಗಳಲ್ಲಿ ಇರುವವರು 52 ಲಕ್ಷ. ಸಾವಿರಕ್ಕೆ ಒಬ್ಬರಂತೆ ಇವರಿಗಷ್ಟೇ 5,200 ಮಂದಿ ಬೇಕು. ಇಡೀ ನಗರಕ್ಕೆ ಪಾಲಿಕೆಯ ಆರೋಗ್ಯ ಸೇವಿಕೆಯರು ಸುಮಾರು ನಾಲ್ಕು ಸಾವಿರ. ಅವರಲ್ಲಿ ಹಲವರು 1990ರ ದಶಕದಲ್ಲಿ ಸೇರಿದವರು, ಈಗ ಅರವತ್ತರ ಅಂಚಿನಲ್ಲಿದ್ದಾರೆ. ಮಳೆಗಾಲ ಬಂದರೆ ಮಂಡಿಯುದ್ದ ನೀರಿನಲ್ಲಿ, ಇಲಿಜ್ವರದ ಮಾತ್ರೆ ಚೀಲಕ್ಕೆ ಹಾಕಿಕೊಂಡು, ಕಬ್ಬಿಣದ ಏಣಿ ಹತ್ತಿ ಮಾಳಿಗೆಯ ಖೋಲಿಗಳ ಬಾಗಿಲು ತಟ್ಟುತ್ತಾರೆ.